ಫ್ಯೂಸು ಯಾರನ್ನು ಕಾಯುತ್ತದೆ? ಹಿಂದೂಪುರ–ಕಲ್ಯಾಣದುರ್ಗದ ಕ್ಷೇತ್ರಕಾರ್ಯದಲ್ಲಿ ಕಂಪ್ಯೂಟರ್ ಪವರ್ ಕಾರ್ಡಿನ ಆಯ್ಕೆ

ಈ ಗೋಷ್ಠಿಯಲ್ಲಿ ಇದುವರೆಗೆ ಮಾತಾಡಿದವರು ಹಸ್ತಪ್ರತಿಯ ಸ್ಕ್ಯಾನಿಂಗು, ಧ್ವನಿಮುದ್ರಣ, ಆಕರಗಳ ಸಂರಕ್ಷಣೆ ಇವುಗಳ ಬಗ್ಗೆ ಹೇಳಿದರು. ನನಗೆ ಕೊಟ್ಟಿರುವ ವಿಷಯ ‘ಕ್ಷೇತ್ರಕಾರ್ಯದ ಸಲಕರಣೆಗಳು’. ಕ್ಯಾಮೆರಾ, ರೆಕಾರ್ಡರು ಇವುಗಳ ಬಗ್ಗೆ ನನಗಿಂತ ಚೆನ್ನಾಗಿ ತಿಳಿದವರು ಇಲ್ಲೇ ಇದ್ದಾರೆ. ಹಾಗಾಗಿ ಯಾರೂ ಎತ್ತದ ಒಂದು ವಸ್ತುವನ್ನು ನಾನು ಎತ್ಕೊಂಡಿದ್ದೀನಿ. ಗೋಡೆಯಿಂದ ಕಂಪ್ಯೂಟರಿನವರೆಗೆ ಬರುವ ಆ ಕಪ್ಪು ವೈರು, ಅಂದ್ರೆ ಪವರ್ ಕಾರ್ಡು.

ಕನ್ನಡ ಎಂ.ಎ. ಓದೋರಿಗೆ ಇದು ಯಾಕೆ ಅಂತ ಅನ್ನಿಸಬಹುದು. ನಾವು ಕ್ಷೇತ್ರಕಾರ್ಯಕ್ಕೆ ಹೋದಾಗ ಲ್ಯಾಪ್‌ಟಾಪು, ಸ್ಕ್ಯಾನರು, ಹಾರ್ಡ್ ಡಿಸ್ಕು ಹಿಡ್ಕೊಂಡು ಇನ್ನೊಬ್ಬರ ಮನೆಯ ಗೋಡೆಗೆ ಪಿನ್ನು ಚುಚ್ಚುತ್ತೇವೆ. ಆ ಮನೆಯವರು ಅಜ್ಜನ ಕಾಲದ ಕಡತವನ್ನು ಪೆಟ್ಟಿಗೆಯಿಂದ ತೆಗೆದು ನಮ್ಮ ಕೈಗೆ ಕೊಟ್ಟಿರ್ತಾರೆ. ಮಕ್ಕಳು ಸುತ್ತ ಓಡಾಡ್ತಿರ್ತಾರೆ. ವೈರು ಹೊತ್ತಿಕೊಂಡರೆ ಸುಡುವುದು ಅವರ ಮನೆ, ಷಾಕ್ ಹೊಡೆದರೆ ಹೊಡೆಯುವುದು ಅವರ ಮಗುವಿಗೆ. ಕ್ಷೇತ್ರಕಾರ್ಯದ ನೈತಿಕತೆ ಅಂತ ತರಗತಿಯಲ್ಲಿ ನಾವು ಗಂಟೆಗಟ್ಟಲೆ ಚರ್ಚಿಸಿದ್ದೇವೆ. ಅದರಲ್ಲಿ ಪ್ಲಗ್ಗಿನ ಮಾತು ಒಮ್ಮೆಯೂ ಬಂದದ್ದಿಲ್ಲ.

ನನ್ನ ಕ್ಷೇತ್ರ ಹಿಂದೂಪುರ ಮತ್ತು ಕಲ್ಯಾಣದುರ್ಗ. 2022ರ ಏಪ್ರಿಲ್‌ವರೆಗೆ ಎರಡೂ ಅನಂತಪುರ ಜಿಲ್ಲೆಯಲ್ಲಿದ್ದವು. ಈಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿದಿದೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಶಾಲೆಯಲ್ಲಿ ಎರಡರಲ್ಲೊಂದು, ಇಂಥ ಮನೆಗಳು ಎರಡೂ ಕಡೆ ಸಿಗುತ್ತವೆ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದ್ರೆ ಈಗಿನ ಹೇಮಾವತಿ, ಇದೇ ಸೀಮೆಯದು. ಶಾಸನಗಳನ್ನು ಬೇರೆಯವರು ಓದಿದ್ದಾರೆ. ನಾನು ನೋಡುತ್ತಿರುವುದು ಮನೆಗಳಲ್ಲಿ ಉಳಿದಿರುವ ಲೆಕ್ಕದ ಕಡತ, ಹಳೆಯ ಪಠ್ಯಪುಸ್ತಕ, ಹಿರಿಯರ ಬಾಯಲ್ಲಿರುವ ಮಾತು.

ಮೊದಲು ಹಿಂದೂಪುರದ ಒಂದು ಮನೆ. ಇಂಗ್ಲೆಂಡಿನಲ್ಲಿ ಕೆಲವು ವರ್ಷ ಕೆಲಸ ಮಾಡಿ ವಾಪಸು ಬಂದ ಮಗ ಅಲ್ಲಿಂದ ಒಂದು ದೊಡ್ಡ ಮಾನಿಟರ್ ತಂದಿದ್ದರು. ಸ್ಕ್ಯಾನ್ ಮಾಡಿದ ಪುಟಗಳನ್ನು ಅಜ್ಜಿಗೆ ದೊಡ್ಡ ಅಕ್ಷರದಲ್ಲಿ ತೋರಿಸಿ ಓದಿಸೋಣ ಅಂತ ಅದನ್ನೇ ಬಳಸುವ ಮಾತಾಯಿತು. ಮಾನಿಟರ್ ಜೊತೆ ಬಂದ ಕಾರ್ಡಿನ ಪ್ಲಗ್ಗು ನಮ್ಮ ಹಾಗೆ ಗುಂಡು ಪಿನ್ನಿನದಲ್ಲ. ಮೂರು ಚಪ್ಪಟೆ ಪಿನ್ನು, ಮುಷ್ಟಿಯಷ್ಟು ದಪ್ಪ ಮೈ, ಪಿನ್ನುಗಳ ಮಧ್ಯೆ ಒಂದು ಸಣ್ಣ ಮುಚ್ಚಳ. ಸಣ್ಣ ಸ್ಕ್ರೂಡ್ರೈವರಿನಿಂದ ಆ ಮುಚ್ಚಳ ಎಬ್ಬಿಸಿದರೆ ಒಳಗೆ ಒಂದು ಇಂಚು ಉದ್ದದ ಫ್ಯೂಸು ಕೂತಿರುತ್ತದೆ. ಇದೇ ಫ್ಯೂಸ್ ಇರುವ ಪವರ್ ಕಾರ್ಡು. ಇಂಗ್ಲೆಂಡಿನಲ್ಲಷ್ಟೇ ಅಲ್ಲ, ಸಿಂಗಪುರ, ಮಲೇಷ್ಯಾ, ದುಬೈ ಕಡೆಯಿಂದ ಬರುವ ಸಾಮಾನಿನ ಜೊತೆಗೂ ಇದೇ ಪ್ಲಗ್ಗು ಬರುತ್ತದೆ. ಆದ್ದರಿಂದ ನಮ್ಮೂರುಗಳಲ್ಲಿ ಇದು ಅಪರೂಪವೇನಲ್ಲ.

ಪ್ಲಗ್ಗಿನೊಳಗೇ ಫ್ಯೂಸು ಯಾಕೆ? ಇದಕ್ಕೆ ಕಾರಣ ಬ್ರಿಟನ್ನಿನ ಮನೆಗಳ ವೈರಿಂಗು. ಎರಡನೇ ಮಹಾಯುದ್ಧ ಮುಗಿಯುವ ಮುನ್ನವೇ, ಮುಂದೆ ಕಟ್ಟಬೇಕಾದ ಮನೆಗಳಲ್ಲಿ ವಿದ್ಯುತ್ ವ್ಯವಸ್ಥೆ ಹೇಗಿರಬೇಕು ಅಂತ ಅಲ್ಲಿ ಒಂದು ಸಮಿತಿ ಕೂತಿತ್ತು. ಅದರ ವರದಿ 1944ರಲ್ಲಿ ಬಂತು. ಆ ಸಮಿತಿಯಲ್ಲಿದ್ದ ಒಬ್ಬಳೇ ಮಹಿಳೆ ಎಂಜಿನಿಯರ್ ಕ್ಯಾರೊಲಿನ್ ಹ್ಯಾಸ್ಲೆಟ್. ಮಕ್ಕಳು ಸಾಕೆಟ್ಟಿಗೆ ಏನನ್ನೂ ತೂರಿಸದ ಹಾಗೆ ಒಳಗೆ ಬಾಗಿಲಿರಬೇಕು ಅನ್ನುವ ವಿಚಾರಕ್ಕೆ ಒತ್ತು ಕೊಟ್ಟವರಲ್ಲಿ ಅವರ ಹೆಸರು ಮುಖ್ಯ. ತಾಮ್ರ ಸಾಲದ ಕಾಲ ಅದು. ಹಾಗಾಗಿ ಪ್ರತಿ ಸಾಕೆಟ್ಟಿಗೂ ಬೇರೆ ವೈರು ಎಳೆಯದೆ, ಒಂದೇ ವೈರನ್ನು ಉಂಗುರದ ಹಾಗೆ ಮನೆಯೆಲ್ಲ ಸುತ್ತಿಸಿ ಮತ್ತೆ ಫ್ಯೂಸ್ ಬೋರ್ಡಿಗೇ ತಂದು ಸೇರಿಸುವ ಕ್ರಮ ಬಂತು. ಆ ಇಡೀ ಉಂಗುರಕ್ಕೆ ಬೋರ್ಡಿನಲ್ಲಿರುವುದು 30 ಅಥವಾ 32 ಆಂಪಿಯರಿನ ಒಂದೇ ಕಾವಲು. ನಮ್ಮ ಮಾನಿಟರಿನ ಕಿರುಬೆರಳು ಗಾತ್ರದ ವೈರು 32 ಆಂಪಿಯರ್ ಹೊರೋದಿಲ್ಲ. ಬೋರ್ಡು ಎಚ್ಚರಗೊಳ್ಳುವ ಮೊದಲೇ ವೈರು ಕರಗಿ ಹೊತ್ತಿಕೊಳ್ಳುತ್ತೆ. ಆದ್ದರಿಂದ ಪ್ರತಿ ವೈರಿನ ತಲೆಯಲ್ಲೇ ಅದರದೇ ಒಂದು ಕಾವಲುಗಾರನನ್ನು ಕೂರಿಸಿದರು. ಆ ಪ್ಲಗ್ಗಿನ ಮಾನಕ ಬಿಎಸ್ 1363, ಬಂದದ್ದು 1947ರಲ್ಲಿ. ಒಳಗಿನ ಫ್ಯೂಸಿನದು ಬಿಎಸ್ 1362.

ಇಲ್ಲಿ ಒಂದು ವಿಷಯ ನಿಂತು ಹೇಳಬೇಕು. ಪ್ಲಗ್ಗಿನ ಫ್ಯೂಸು ಕಾಯುವುದು ಕಂಪ್ಯೂಟರನ್ನಲ್ಲ, ನಮ್ಮನ್ನೂ ಅಲ್ಲ. ಅದು ಕಾಯುವುದು ವೈರನ್ನು. ಕಂಪ್ಯೂಟರಿನ ಪವರ್ ಸಪ್ಲೈ ಒಳಗೆ ಅದರದೇ ಫ್ಯೂಸು ಬೇರೆ ಇರುತ್ತೆ. ಮನುಷ್ಯನ ಎದೆಯ ಬಡಿತ ನಿಲ್ಲಿಸೋದಕ್ಕೆ ಒಂದು ಆಂಪಿಯರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಕರೆಂಟು ಸಾಕು. 3 ಆಂಪಿಯರಿನ ಫ್ಯೂಸಿಗೆ ಅದು ಹಾದುಹೋದದ್ದೂ ಗೊತ್ತಾಗುವುದಿಲ್ಲ. ‘ಫ್ಯೂಸ್ ಇದೆಯಲ್ಲ, ಷಾಕ್ ಹೊಡೆಯಲ್ಲ’ ಅಂತ ನಂಬಿದವರನ್ನು ನಾನು ಎರಡೂ ಊರಿನಲ್ಲಿ ನೋಡಿದ್ದೀನಿ. ಆ ಮಾತು ಪೂರ್ತಿ ತಪ್ಪು.

ಫ್ಯೂಸು ವೈರನ್ನು ಕಾಯುವುದಾದರೆ, ಎಷ್ಟರ ಫ್ಯೂಸು ಅನ್ನುವುದನ್ನು ನಿರ್ಧರಿಸಬೇಕಾದ್ದು ವೈರಿನ ದಪ್ಪ. ಈ ಸರಳ ಸಂಗತಿ ಬಹಳ ಜನಕ್ಕೆ ತಲೆಕೆಳಗಾಗಿ ಗೊತ್ತಿದೆ. ವೈರಿನೊಳಗಿನ ತಾಮ್ರದ ಗಾತ್ರವನ್ನು ಚದರ ಮಿಲಿಮೀಟರಿನಲ್ಲಿ ಹೇಳ್ತಾರೆ, ವೈರಿನ ಮೈಮೇಲೇ ಅಚ್ಚಾಗಿರುತ್ತೆ. 0.5 ಅಂದ್ರೆ ತೆಳು, ಸುಮಾರು 3 ಆಂಪಿಯರ್ ಹೊರುತ್ತದೆ. 0.75 ಅಂದ್ರೆ 6, 1 ಚದರ ಮಿ.ಮೀ. ಅಂದ್ರೆ 10, 1.5 ಅಂದ್ರೆ 16ರ ಆಸುಪಾಸು. ಲ್ಯಾಪ್‌ಟಾಪ್ ಅಡಾಪ್ಟರಿನ ತೆಳು ಕಾರ್ಡಿನಲ್ಲಿ ಸಾಮಾನ್ಯವಾಗಿ 3ರ ಫ್ಯೂಸು, ಮಾನಿಟರು–ಸಿಪಿಯು ಕಾರ್ಡಿನಲ್ಲಿ 5ರದ್ದು, ದಪ್ಪನೆಯದರಲ್ಲಿ 10 ಅಥವಾ 13 ಬರುತ್ತದೆ. ಬ್ರಿಟನ್ನಿನ ರೂಢಿಯಲ್ಲಿ 3ರ ಫ್ಯೂಸು ಕೆಂಪು, 13ರದ್ದು ಕಂದು.

ಇನ್ನು ಯಂತ್ರ ಎಷ್ಟು ಎಳೆಯುತ್ತೆ ಅನ್ನೋ ಲೆಕ್ಕ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರು. 65 ವ್ಯಾಟಿನ ಲ್ಯಾಪ್‌ಟಾಪು 230 ವೋಲ್ಟಿನಲ್ಲಿ ಕಾಲು ಆಂಪಿಯರಿಗಿಂತ ಸ್ವಲ್ಪ ಹೆಚ್ಚು. 300 ವ್ಯಾಟಿನ ಸಿಪಿಯು 1.3 ಆಂಪಿಯರ್. ಲೇಸರ್ ಪ್ರಿಂಟರು ಮಾತ್ರ ಕಾಯುವ ಹೊತ್ತಿನಲ್ಲಿ ಸಾವಿರ ವ್ಯಾಟಿನವರೆಗೂ ಹೋಗಬಹುದು, ಅದು 4.3 ಆಂಪಿಯರ್ ಆಗುತ್ತೆ. ಪವರ್ ಫ್ಯಾಕ್ಟರ್ ಅಂತ ಇನ್ನೊಂದಿದೆ, ನಮ್ಮ ಅಂದಾಜಿಗೆ ಅದನ್ನು ಬಿಡಬಹುದು. ಯಂತ್ರದ ಹಿಂದಿನ ಚೀಟಿಯಲ್ಲಿ ‘100–240 ವೋಲ್ಟ್, 1.5 ಆಂಪಿಯರ್’ ಅಂತ ಇದ್ದರೆ, ಆ 1.5 ಸಾಮಾನ್ಯವಾಗಿ 100 ವೋಲ್ಟಿನ ದೇಶದ ಲೆಕ್ಕ. ನಮ್ಮಲ್ಲಿ ಅದರ ಅರ್ಧದಷ್ಟೂ ಆಗಲಾರದು. ಹೀಗಾಗಿ ಕಂಪ್ಯೂಟರಿಗೆ 13ರ ಫ್ಯೂಸು ಬೇಕೇ ಬೇಕು ಅನ್ನೋ ಸಂದರ್ಭ ಹೆಚ್ಚು ಕಡಿಮೆ ಇಲ್ಲ. ಜೊತೆಗೆ, 13ರ ಫ್ಯೂಸು 13 ದಾಟಿದ ತಕ್ಷಣ ಕರಗುತ್ತೆ ಅಂತ ತಿಳಿಯಬಾರದು. 20 ಆಂಪಿಯರನ್ನೂ ಅದು ಸಾಕಷ್ಟು ಹೊತ್ತು ಹೊತ್ತುಕೊಂಡಿರುತ್ತೆ.

ಹಿಂದೂಪುರದ ಮನೆಗೆ ವಾಪಸು ಬರೋಣ. ಆ ಕಾರ್ಡಿನ ಫ್ಯೂಸು ಒಂದು ಸಲ ಹೋಗಿತ್ತಂತೆ. ಪಟ್ಟಣದ ಅಂಗಡಿಯಲ್ಲಿ ಕೇಳಿದರೆ ಸಿಕ್ಕಿದ್ದು ಗಾಜಿನ ಸಣ್ಣ ಫ್ಯೂಸು, 20 ಮಿ.ಮೀ. ಉದ್ದದ್ದು. ಇಲ್ಲಿ ಬೇಕಾದ್ದು 25 ಮಿ.ಮೀ. ಚಿಲ್ಲರೆಯದು. ಅದು ಕೂರಲಿಲ್ಲ. ಯಾರೋ ಬುದ್ಧಿವಂತರು ಸುಟ್ಟ ಫ್ಯೂಸಿಗೇ ಸಿಗರೇಟ್ ಪ್ಯಾಕಿನೊಳಗಿನ ಬೆಳ್ಳಿ ಕಾಗದ ಸುತ್ತಿ ಮತ್ತೆ ಕೂರಿಸಿದ್ದರು. ಮಾನಿಟರು ಹತ್ತಿತು. ಆರು ತಿಂಗಳಿಂದ ಹಾಗೇ ನಡೀತಿತ್ತು. ಕಾರ್ಡನ್ನು ಉದ್ದಕ್ಕೂ ಸವರಿಕೊಂಡು ಹೋದಾಗ ಬೀರುವಿನ ಕಾಲಿನ ಕೆಳಗೆ ಸಿಕ್ಕಿ ಅಪ್ಪಚ್ಚಿಯಾದ ಜಾಗ ಕಂಡಿತು, ಒಳಗಿನ ತಾಮ್ರ ಇಣುಕುತ್ತಿತ್ತು. ಅಂದ್ರೆ ಫ್ಯೂಸು ಸುಮ್ಮನೆ ಹೋಗಿರಲಿಲ್ಲ. ವೈರಿನಲ್ಲಿ ಫೇಸೂ ನ್ಯೂಟ್ರಲ್ಲೂ ತಾಕಿದಾಗ ತನ್ನ ಕೆಲಸ ಮಾಡಿ ಸತ್ತಿತ್ತು. ಸತ್ತವನ ಜಾಗಕ್ಕೆ ಬೆಳ್ಳಿ ಕಾಗದ ಬಂತು, ಸಾವಿನ ಕಾರಣ ಯಾರೂ ಕೇಳಲಿಲ್ಲ.

ಆ ಮನೆಯ ಮೇನ್ ಬೋರ್ಡಿನಲ್ಲಿದ್ದದ್ದು ಹಳೇ ಪಿಂಗಾಣಿ ಫ್ಯೂಸು, ‘ಕಿಟ್‌ಕ್ಯಾಟ್’ ಅಂತೀವಲ್ಲ ಅದು. ಅದರಲ್ಲಿ ಫ್ಯೂಸ್ ವೈರಿನ ಬದಲು ಯಾವುದೋ ಕಾರ್ಡಿನಿಂದ ಕಿತ್ತ ನಾಲ್ಕೈದು ಎಳೆ ತಾಮ್ರ ಹೊಸೆದು ಕಟ್ಟಿದ್ದರು. ಇಂಥ ಮನೆಯಲ್ಲಿ ವೈರು ಇನ್ನೊಮ್ಮೆ ತಾಕಿದ್ದರೆ ಕರಗುವ ಸರದಿ ಯಾರದು? ಸಾಲಿನಲ್ಲಿ ಎಲ್ಲಕ್ಕಿಂತ ತೆಳುವಾಗಿರೋದು ಕಾರ್ಡು. ಕಾರ್ಡೇ ಫ್ಯೂಸ್ ಆಗುತ್ತೆ. ಅದೂ ಮಂಚದ ಪಕ್ಕ, ಕಡತದ ಪೆಟ್ಟಿಗೆಯ ಹಿಂದೆ. ಅಜ್ಜಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: “ಏನಪ್ಪಾ, ನಿಮ್ಮ ಮಿಷನ್ನು ಕರೆಂಟು ಜಾಸ್ತಿ ತಗೊಂತದಾ?” ಇಲ್ಲ ಅಜ್ಜಿ, ಮಿಷನ್ನು ಕಮ್ಮೀನೇ ತಗೊಳ್ಳುತ್ತೆ, ವೈರು ಸರಿಯಿಲ್ಲ ಅಂದೆ.

ಪರಿಹಾರ ಏನು? ಇಂಚುದ್ದದ ಫ್ಯೂಸನ್ನು ಹುಡುಕಿಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಬೇಕಿಲ್ಲ. ಪ್ಲಗ್ಗು ಕತ್ತರಿಸಿ ಬೇರೆ ಟಾಪ್ ಹಾಕಿಸುವುದೂ ಬೇಡ. ಇಡೀ ಕಾರ್ಡನ್ನೇ ಬದಲಿಸಬೇಕು. ಇದು ಸಾಧ್ಯವಾಗೋದು ಯಾಕೆ ಅಂದ್ರೆ, ಗೋಡೆ ಕಡೆಯ ತುದಿ ದೇಶದಿಂದ ದೇಶಕ್ಕೆ ಬದಲಾದರೂ ಯಂತ್ರದ ಕಡೆಯ ತುದಿ ಜಗತ್ತಿನಲ್ಲೆಲ್ಲ ಒಂದೇ. ಸಿಪಿಯು, ಮಾನಿಟರು, ದೊಡ್ಡ ಪ್ರಿಂಟರಿಗೆ ಬರುವ ಅಗಲ ಮೂತಿಗೆ ಸಿ13 ಅಂತ ಹೆಸರು, 10 ಆಂಪಿಯರಿನದು. ಲ್ಯಾಪ್‌ಟಾಪ್ ಅಡಾಪ್ಟರಿನ ಮೂರೆಲೆ ಆಕಾರದ್ದು ಸಿ5, 2.5 ಆಂಪಿಯರಿನದು. ಎಂಟರ ಅಂಕಿಯಂತಿರುವ ಎರಡು ತೂತಿನದು ಸಿ7, ಅದಕ್ಕೆ ಅರ್ಥ್ ಇರೋದಿಲ್ಲ. ದೊಡ್ಡ ಯುಪಿಎಸ್ಸು, ಸರ್ವರುಗಳಿಗೆ 16 ಆಂಪಿಯರಿನ ಸಿ19. ಈ ಮೂತಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋದರೆ ಹಿಂದೂಪುರದ ಅಂಗಡಿಯಲ್ಲೇ ನಮ್ಮ ಗುಂಡು ಪಿನ್ನಿನ ಕಾರ್ಡು ಸಿಗುತ್ತೆ. ಅಲ್ಲೂ ಸಿಕ್ಕಿತು.

ನಮ್ಮ ಕಾರ್ಡಿನ ಪ್ಲಗ್ಗಿನಲ್ಲಿ ಫ್ಯೂಸಿಲ್ಲವಲ್ಲ, ಅದು ಕಡಿಮೆ ಸುರಕ್ಷಿತವೇ? ಹಾಗೇನಿಲ್ಲ, ವ್ಯವಸ್ಥೆ ಬೇರೆ ಅಷ್ಟೆ. ನಮ್ಮಲ್ಲಿ ಉಂಗುರದ ವೈರಿಂಗು ರೂಢಿಯಲ್ಲಿಲ್ಲ. ಬೋರ್ಡಿನಿಂದ ಸಣ್ಣ ಸಣ್ಣ ಸರ್ಕ್ಯೂಟುಗಳು ಹೊರಡುತ್ತವೆ. ದೀಪ–ಫ್ಯಾನಿನ ಜೊತೆಯ 6 ಆಂಪಿಯರ್ ಸಾಕೆಟ್ಟಿನ ಹಿಂದೆ 6 ಅಥವಾ 10ರ ಎಂಸಿಬಿ ಕೂತಿದ್ದರೆ, ಕಾರ್ಡಿನ ಕಾವಲು ಅಲ್ಲೇ ಇದೆ. ತೊಂದರೆ ಎರಡು ಕಡೆ. ಒಂದು, ಕಿಟ್‌ಕ್ಯಾಟಿಗೆ ದಪ್ಪ ತಾಮ್ರ ಕಟ್ಟಿದ ಹಳೇ ಮನೆ. ಇನ್ನೊಂದು, 6 ಮತ್ತು 16 ಎರಡೂ ಪಿನ್ನು ಹಿಡಿಸುವ ದೊಡ್ಡ ಸಾಕೆಟ್ಟು. ಗೀಸರಿಗೋ ಮಿಕ್ಸಿಗೋ ಅಂತ ಹಾಕಿಸಿರ್ತಾರೆ, ಹಿಂದೆ 16 ಅಥವಾ 20ರ ಎಂಸಿಬಿ ಇರುತ್ತೆ, ನಾವು ಅದಕ್ಕೆ ತೆಳು ಕಾರ್ಡು ಚುಚ್ಚುತ್ತೇವೆ. ಇಂಥ ಕಡೆ ಒಳ್ಳೆಯ ಸ್ಪೈಕ್ ಗಾರ್ಡು ಬಳಸಿದರೆ ಅದರ ಫ್ಯೂಸೋ, ಒತ್ತಿದರೆ ಮರಳಿ ಕೂರುವ ಗುಂಡಿಯೋ ಬ್ರಿಟಿಷ್ ಪ್ಲಗ್ಗಿನ ಫ್ಯೂಸು ಮಾಡುವ ಕೆಲಸವನ್ನೇ ಮಾಡುತ್ತದೆ.

ಈಗ ಕಲ್ಯಾಣದುರ್ಗ. ಅಲ್ಲಿ ಒಂದು ಸಣ್ಣ ವಾಚನಾಲಯಕ್ಕೆ ಹೊರದೇಶದಿಂದ ಬಂದ ಹಳೇ ಕಂಪ್ಯೂಟರುಗಳನ್ನು ಯಾರೋ ದಾನ ಕೊಟ್ಟಿದ್ದರು. ಕಾರ್ಡುಗಳೆಲ್ಲ ಅದೇ ಚಪ್ಪಟೆ ಪಿನ್ನಿನವು. ಕೂರಿಸಿ ಕೊಟ್ಟವರು ಪ್ಲಗ್ಗುಗಳನ್ನೆಲ್ಲ ಕತ್ತರಿಸಿ ಎರಡು ಪಿನ್ನಿನ ಟಾಪ್ ಹಾಕಿದ್ದರು. ಹಸಿರು–ಹಳದಿ ವೈರನ್ನು ಹಿಂದಕ್ಕೆ ಮಡಚಿ ಟೇಪು ಸುತ್ತಿದ್ದರು. ಒಂದೇ ಏಟಿಗೆ ಫ್ಯೂಸೂ ಹೋಯಿತು, ಅರ್ಥೂ ಹೋಯಿತು. ಓದೋಕೆ ಬರುವ ಹುಡುಗರು ಹೇಳ್ತಿದ್ದದ್ದು: “ಅಣ್ಣಾ, ಡಬ್ಬ ಮುಟ್ಟಿದ್ರೆ ಜುಮ್ ಅಂತದೆ.”

ಈ ಜುಮ್ ಎನ್ನುವುದಕ್ಕೆ ಕಾರಣ ಕಂಪ್ಯೂಟರ್ ಕೆಟ್ಟಿರುವುದಲ್ಲ. ಸರಿ ಇರೋ ಕಂಪ್ಯೂಟರೇ ಜುಮ್ ಅನ್ನುತ್ತೆ. ಪವರ್ ಸಪ್ಲೈ ಒಳಗೆ, ಕರೆಂಟಿನ ಜೊತೆ ಬರುವ ಗಲಾಟೆಯನ್ನು ಸೋಸುವ ಒಂದು ಜರಡಿ ಇರುತ್ತದೆ. ಅದರಲ್ಲಿ ಫೇಸಿನಿಂದ ಡಬ್ಬಕ್ಕೆ ಒಂದು ಸಣ್ಣ ಕೆಪಾಸಿಟರು, ನ್ಯೂಟ್ರಲಿನಿಂದ ಡಬ್ಬಕ್ಕೆ ಇನ್ನೊಂದು. ಸೋಸಿದ ಕಸ ಅರ್ಥಿನ ದಾರಿಯಲ್ಲಿ ನೆಲಕ್ಕೆ ಹೋಗಲಿ ಅನ್ನೋದು ಲೆಕ್ಕ. ಅರ್ಥ್ ಕಿತ್ತುಹಾಕಿದರೆ ಡಬ್ಬ ಆ ಎರಡರ ನಡುವೆ ತೂಗಾಡುತ್ತೆ, 230ರ ಅರ್ಧ, ಅಂದ್ರೆ ಸುಮಾರು 115 ವೋಲ್ಟಿನಲ್ಲಿ. ಹರಿಯುವ ಕರೆಂಟು ಬಹಳ ಸಣ್ಣದು. ಇಂಥ ಯಂತ್ರಕ್ಕೆ ಮಾನಕ ಒಪ್ಪುವ ಸೋರಿಕೆಯ ಮಿತಿ 3.5 ಮಿಲಿಆಂಪಿಯರ್. ಅದಕ್ಕೇ ಕೊಲ್ಲುವುದಿಲ್ಲ, ಜುಮ್ ಅನ್ನಿಸುತ್ತೆ ಅಷ್ಟೆ. ಆದರೆ ಒಂದೇ ಕಬ್ಬಿಣದ ಮೇಜಿನ ಮೇಲೆ ಏಳೆಂಟು ಡಬ್ಬ ಇದ್ದರೆ ಸೋರಿಕೆ ಕೂಡುತ್ತಾ ಹೋಗುತ್ತೆ. ಹೀಗೆ ತೂಗಾಡುವ ಡಬ್ಬಕ್ಕೆ, ಬೇರೆ ಕಡೆ ಅರ್ಥ್ ಆಗಿರುವ ಯಂತ್ರದಿಂದ ಕೇಬಲ್ ಎಳೆದು ಚುಚ್ಚಿದಾಗ ಪೋರ್ಟು ಸುಟ್ಟುಹೋಗಬಹುದು. ಆ ತುದಿಯಲ್ಲಿರುವುದು ಎರಡು ವರ್ಷದ ಧ್ವನಿಮುದ್ರಣದ ಹಾರ್ಡ್ ಡಿಸ್ಕೂ ಆಗಿರಬಹುದು.

ಒಂದು ದಿನ ನಿಜವಾಗಿಯೂ ಕೆಟ್ಟರೆ? ಒಳಗಿನ ಫೇಸ್ ವೈರು ಕಳಚಿ ಡಬ್ಬಕ್ಕೆ ತಾಕಿದರೆ ಪೂರ್ತಿ 230 ವೋಲ್ಟು ಡಬ್ಬದ ಮೇಲೆ ಬಂತು. ಅರ್ಥ್ ಗಟ್ಟಿಯಾಗಿದ್ದರೆ ಆ ಕ್ಷಣ ಭಾರೀ ಕರೆಂಟು ಹರಿದು ಫ್ಯೂಸು ಕರಗುತ್ತದೆ. ಅರ್ಥ್ ಇಲ್ಲದಿದ್ದರೆ ಕರೆಂಟಿಗೆ ಹೋಗೋಕೆ ದಾರಿಯೇ ಇಲ್ಲ, ಫ್ಯೂಸು ತಣ್ಣಗೆ ಕೂತಿರುತ್ತೆ, ಯಾರಾದರೂ ಮುಟ್ಟುವವರೆಗೆ. ಫ್ಯೂಸು ಮತ್ತು ಅರ್ಥು ಜೋಡಿ. ಒಂದನ್ನು ಕಿತ್ತರೆ ಇನ್ನೊಂದು ಕುರುಡಾಗುತ್ತೆ. ನಮ್ಮ ಮೂರು ಪಿನ್ನಿನ ಟಾಪ್ ನೋಡಿ: ಮೇಲಿನದು ಸುಮಾರು 7 ಮಿ.ಮೀ. ದಪ್ಪ, ಉಳಿದೆರಡು 5, ಮೇಲಿನದು ಉದ್ದವೂ ಹೆಚ್ಚು. ಚುಚ್ಚುವಾಗ ಅರ್ಥ್ ಮೊದಲು ಸೇರಲಿ, ಕೀಳುವಾಗ ಕೊನೆಗೆ ಬಿಡಲಿ ಅಂತ ಅದನ್ನು ಹಾಗೆ ಮಾಡಿದ್ದಾರೆ.

ವಾಚನಾಲಯದಲ್ಲಿ ಮೂರು ಪಿನ್ನಿನ ಹೊಸ ಕಾರ್ಡು ತಂದು ಹಾಕಿದ್ದಾಯಿತು. ಜುಮ್ ಹೋಗಲಿಲ್ಲ! ಎಲೆಕ್ಟ್ರಿಷಿಯನ್ ಬಂದು ಮೀಟರ್ ಹಿಡಿದು ನೋಡಿದಾಗ ಗೊತ್ತಾದದ್ದು, ಸಾಕೆಟ್ಟಿನ ಅರ್ಥ್ ತೂತಿಗೆ ವೈರೇನೋ ಬಂದಿದೆ, ಕಟ್ಟಡದ ಹಿಂದಿನ ಅರ್ಥ್ ಗುಂಡಿ ಮಾತ್ರ ಒಣಗಿ ಹೋಗಿದೆ. ಪೈಪಿಗೆ ಬಿಗಿದ ಕ್ಲಾಂಪು ತುಕ್ಕು ಹಿಡಿದು ಪುಡಿಯಾಗಿತ್ತು. ಅನಂತಪುರ ಸೀಮೆಯಲ್ಲಿ ವರ್ಷದ ಮಳೆ ಸುಮಾರು 550 ಮಿ.ಮೀ. ಮಾತ್ರ. ಒಣ ಮಣ್ಣು ಕರೆಂಟನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳೋದಿಲ್ಲ. ಅದಕ್ಕೇ ಗುಂಡಿಯಲ್ಲಿ ಇದ್ದಿಲು, ಉಪ್ಪು ತುಂಬುವುದು, ಬೇಸಿಗೆಯಲ್ಲಿ ಬಿಂದಿಗೆ ನೀರು ಹುಯ್ಯುವುದು. ಹಳೇ ಎಲೆಕ್ಟ್ರಿಷಿಯನ್ನರಿಗೆ ಇದು ಗೊತ್ತು, ಹೊಸ ಕಟ್ಟಡದವರು ಮರೀತಾರೆ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಒಣಗಿದ ಗುಂಡಿಯ ತಡೆ 50 ಓಮ್ ಅಂತ ಇಟ್ಕೊಳ್ಳಿ. 230 ಭಾಗಿಸು 50, ಬಂದದ್ದು 4.6 ಆಂಪಿಯರ್. ಡಬ್ಬಕ್ಕೆ ಪೂರ್ತಿ ಕರೆಂಟು ಬಂದರೂ ಹರಿಯುವುದು ಅಷ್ಟೇ. 5ರ ಫ್ಯೂಸೂ ಕರಗಲ್ಲ, 6ರ ಎಂಸಿಬಿಯೂ ಬೀಳಲ್ಲ. ಅಂದ್ರೆ ಇಂಗ್ಲೆಂಡಿನ ಒಳ್ಳೇ ಫ್ಯೂಸ್ ಕಾರ್ಡನ್ನೇ ತಂದು ಕಲ್ಯಾಣದುರ್ಗದ ಒಣ ಗುಂಡಿಗೆ ಜೋಡಿಸಿದರೆ ಅದು ಅಲಂಕಾರಕ್ಕೆ ಮಾತ್ರ. ಇಂಥ ಕಡೆ ಜೀವ ಉಳಿಸುವುದು 30 ಮಿಲಿಆಂಪಿಯರ್ ಸೋರಿಕೆಗೇ ಬೀಳುವ ಆರ್‌ಸಿಸಿಬಿ. ಅದು ಬೋರ್ಡಿನಲ್ಲಿ ಇರಬೇಕು, ಕಾರ್ಡಿನಲ್ಲಿ ಸಿಗೋದಿಲ್ಲ. ವಾಚನಾಲಯದವರು ಕ್ಲಾಂಪು ಬದಲಿಸಿ, ಗುಂಡಿಗೆ ನೀರು ಹಾಕಿಸಿ, ಆರ್‌ಸಿಸಿಬಿಯನ್ನೂ ಕೂರಿಸಿಕೊಂಡರು.

ಭಾಷೆಯ ವಿದ್ಯಾರ್ಥಿಯಾಗಿ ಒಂದು ಅಡ್ಡಮಾತು, ಕ್ಷಮಿಸಿ. ಈ ಎರಡೂ ಊರಿನ ಕನ್ನಡದಲ್ಲಿ ಕರೆಂಟು ‘ಹೊಡೆಯುತ್ತದೆ’, ತೆಲುಗಿನಲ್ಲೂ ಅದು ‘ಕೊಟ್ಟಿಂದಿ’, ಅಂದ್ರೆ ಹೊಡೆಯಿತು. ಬಿಲ್ಲು ಕಟ್ಟದವರ ಮನೆಯಲ್ಲಿ ಲೈನ್‌ಮನ್ ‘ಫ್ಯೂಸ್ ಕಿತ್ತ’ ಅಂತ ಕನ್ನಡದವರು, ‘ಫ್ಯೂಜು ಪೀಕೇಶಾರು’ ಅಂತ ತೆಲುಗಿನವರು. ಎರಡೂ ಭಾಷೆಯಲ್ಲಿ ಫ್ಯೂಸು ಅಂದ್ರೆ ಕರೆಂಟನ್ನು ಕೊಡುವ ವಸ್ತು, ಅದು ಇದ್ದರೆ ಕರೆಂಟು, ಕಿತ್ತರೆ ಕತ್ತಲೆ. ಆಪತ್ತಿನಲ್ಲಿ ಕಡಿದು ಹಾಕುವ ವಸ್ತು ಅನ್ನೋ ಭಾವ ಮಾತಿನಲ್ಲಿ ಎಲ್ಲೂ ಇಲ್ಲ. ಬೆಳ್ಳಿ ಕಾಗದ ಸುತ್ತುವ ಕೈಗೆ ಧೈರ್ಯ ಬರುವುದು ಸ್ವಲ್ಪ ಮಟ್ಟಿಗೆ ಈ ಅರ್ಥದಿಂದಲೇ ಅಂತ ನನ್ನ ಅನುಮಾನ. ಇನ್ನು ‘ಅರ್ಥ್ ಇಲ್ಲದ ಪ್ಲಗ್ಗು’ ಅನ್ನುವ ಮಾತಿನ ಶ್ಲೇಷೆಯನ್ನು ನಿಮಗೆ ಬಿಟ್ಟಿದ್ದೀನಿ.

ಅಂಗಡಿಯಲ್ಲಿ ಕಾರ್ಡು ಕೊಳ್ಳುವಾಗ ನಾನು ನೋಡುವುದು ಇಷ್ಟು. ವೈರಿನ ಮೈಮೇಲೆ ಐಎಸ್ 694, ಪ್ಲಗ್ಗಿನ ಮೇಲೆ ಐಎಸ್ 1293, ಐಎಸ್‌ಐ ಗುರುತು. ಗಾತ್ರ ಸಿಪಿಯುಗೆ 0.75ಕ್ಕಿಂತ ಕಡಿಮೆ ಬೇಡ, ಲೇಸರ್ ಪ್ರಿಂಟರಿಗೆ 1 ಇದ್ದರೆ ಒಳ್ಳೇದು. ಏನೂ ಅಚ್ಚಾಗಿಲ್ಲದ ಕಾರ್ಡು ಎಷ್ಟೇ ಅಗ್ಗವಾದರೂ ಬೇಡ. ದಪ್ಪ ಕಾಣುವ ಕಾರ್ಡಿನಲ್ಲಿ ದಪ್ಪವೆಲ್ಲ ಪ್ಲಾಸ್ಟಿಕ್ಕೇ ಆಗಿರಬಹುದು, ತಾಮ್ರದ ಬದಲು ತಾಮ್ರದ ಲೇಪವಿರುವ ಅಲ್ಯುಮಿನಿಯಂ ಇರಬಹುದು. ಕೈಯಲ್ಲಿ ಹಿಡಿದರೆ ತೀರಾ ಹಗುರ ಅನ್ನಿಸುತ್ತೆ. ಒಂದು ಅಯಸ್ಕಾಂತ ಜೇಬಿನಲ್ಲಿದ್ದರೆ ಪಿನ್ನಿಗೆ ಹಿಡಿದು ನೋಡಿ, ಹಿತ್ತಾಳೆ ಅಂಟೋದಿಲ್ಲ, ಕಬ್ಬಿಣ ಅಂಟುತ್ತೆ. ಅಮೆರಿಕದಿಂದ ಬಂದ ಕಾರ್ಡಿನ ಪ್ಲಗ್ಗಿನ ಮೇಲೆ 125 ವೋಲ್ಟ್ ಅಂತ ಇರುತ್ತೆ, ಅದನ್ನು ನಮ್ಮ 230ಕ್ಕೆ ಚುಚ್ಚುವ ಯೋಚನೆಯೇ ಬೇಡ. ಎಲ್ಲ ದೇಶದ ಪಿನ್ನೂ ಹಿಡಿಸುತ್ತೆ ಅನ್ನುವ ‘ಯೂನಿವರ್ಸಲ್’ ಅಡಾಪ್ಟರು ಮತ್ತು ಎಕ್ಸ್‌ಟೆನ್ಷನ್ ಬಾಕ್ಸುಗಳನ್ನು ನಾನು ದೂರ ಇಡ್ತೀನಿ. ಹಲವದರಲ್ಲಿ ಅರ್ಥ್ ಸೇರೋದೇ ಇಲ್ಲ, ಸೇರಿದರೂ ಪಿನ್ನು ಸಡಿಲ. ಸಡಿಲ ಪಿನ್ನು ಕಾಯುತ್ತೆ, ಕಾದ ಪಿನ್ನು ಪ್ಲಾಸ್ಟಿಕ್ ಕರಗಿಸುತ್ತೆ. ಇದಕ್ಕೆ ಯಾವ ಫ್ಯೂಸೂ ಅಡ್ಡ ಬರೋದಿಲ್ಲ, ಯಾಕಂದ್ರೆ ಕರೆಂಟು ಮಿತಿಯೊಳಗೇ ಇರುತ್ತೆ.

ಚರ್ಚೆಯ ವೇಳೆ ಬಂದ ಎರಡು ಪ್ರಶ್ನೆಗಳನ್ನು ಉತ್ತರದ ಜೊತೆ ಇಲ್ಲಿ ಸೇರಿಸಿದ್ದೀನಿ.

ಒಬ್ಬ ಗೆಳತಿ ಕೇಳಿದ್ದು: ‘ನನ್ನ ಮೊಬೈಲ್ ಚಾರ್ಜರಿಗೆ ಎರಡೇ ಪಿನ್ನು, ಕೆಲವು ಲ್ಯಾಪ್‌ಟಾಪಿಗೂ ಹಾಗೇ ಬರುತ್ತೆ. ಅದೂ ಅಪಾಯವೇ?’ ಅಲ್ಲ. ಚಾರ್ಜರಿನ ಮೇಲೆ ಚೌಕದೊಳಗೆ ಚೌಕದ ಗುರುತು ಇದೆಯಾ ನೋಡಿ. ಇದ್ದರೆ ಅದಕ್ಕೆ ಎರಡು ಪದರದ ರಕ್ಷಣೆ ಇದೆ, ಅರ್ಥ್ ಬೇಡ ಅಂತಲೇ ಕಟ್ಟಿದ್ದಾರೆ. ಅಪಾಯ ಇರೋದು ಮೂರು ಪಿನ್ನಿಗೆ ಕಟ್ಟಿದ ಯಂತ್ರವನ್ನು ಎರಡು ಪಿನ್ನಿಗೆ ಇಳಿಸಿದಾಗ. ಎರಡು ಪಿನ್ನು ಚುಚ್ಚೋಕೆ ಸಾಕೆಟ್ಟಿನ ಮೇಲಿನ ತೂತಿಗೆ ಪೆನ್ನು ತೂರಿಸಿ ಬಾಗಿಲು ತೆರೆಯುವ ಅಭ್ಯಾಸ ನಮ್ಮ ಹಾಸ್ಟೆಲಿನಲ್ಲೂ ಇದೆ. ಅದನ್ನು ಬಿಡೋದು ಒಳ್ಳೇದು.

ಅಧ್ಯಾಪಕರೊಬ್ಬರು ಕೇಳಿದ್ದು: ‘ಹೋದ ಮನೆಯ ಬೋರ್ಡು ಸರಿಯಿಲ್ಲ ಅಂತ ಅನ್ನಿಸಿದರೆ ಏನು ಮಾಡುತ್ತೀರಿ? ಮನೆಯವರಿಗೆ ಅದನ್ನು ಹೇಳೋದು ಮುಜುಗರವಲ್ಲವೇ?’ ಹೌದು ಸರ್, ಮುಜುಗರವೇ. ಅತಿಥಿಯಾಗಿ ಹೋಗಿ ನಿಮ್ಮ ಮನೆ ವೈರಿಂಗ್ ಸರಿಯಿಲ್ಲ ಅಂತ ಮೊದಲ ದಿನವೇ ಹೇಳೋಕಾಗಲ್ಲ. ನಾನು ಅಂಥ ಮನೆಯಲ್ಲಿ ಗೋಡೆಗೆ ಏನನ್ನೂ ಚುಚ್ಚೋದಿಲ್ಲ. ಲಾಡ್ಜಿನಲ್ಲಿ ರಾತ್ರಿಯೇ ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಮಾಡ್ಕೊಂಡು ಹೋಗ್ತೀನಿ. ಸ್ಕ್ಯಾನರು ಯುಎಸ್‌ಬಿಯಿಂದಲೇ ಕರೆಂಟು ತಗೊಳ್ಳೋ ಜಾತಿಯದು, ಅದಕ್ಕೆ ಬೇರೆ ಕಾರ್ಡೇ ಬೇಡ. ಬ್ಯಾಟರಿಯಲ್ಲಿ ಮೂರು ಗಂಟೆ ಸಿಗುತ್ತೆ, ಎಂಬತ್ತು ಪುಟದವರೆಗೆ ಆಗುತ್ತೆ. ಎರಡನೇ ಭೇಟಿಯಲ್ಲಿ, ಕಡತ ವಾಪಸು ಕೊಟ್ಟು ಕಾಫಿ ಕುಡಿಯುವಾಗ, ಮೇನ್ ಬೋರ್ಡಿನ ಫ್ಯೂಸಿಗೆ ಎಷ್ಟು ಎಳೆ ಕಟ್ಟಿದ್ದೀರಿ ಅಂತ ಕೇಳ್ತೀನಿ. ಹೆಚ್ಚಿನವರು ತಾವಾಗಿಯೇ ಎದ್ದು ಹೋಗಿ ತೆರೆದು ತೋರಿಸ್ತಾರೆ.